ನಂಬಿಕೆಯೇ ಮೂಲಧನ



ಸಾವಯವ ಎಂಬ ಚೀಟಿ ಅಂಟಿಸಿದ ತೊಗರಿಬೇಳೆಯ ಪೊಟ್ಟಣವನ್ನು ಕೊಳ್ಳುವ ಗೃಹಿಣಿಗೆ, ಆ ಬೇಳೆ ರಾಸಾಯನಿಕ ಗೊಬ್ಬರ, ಕೀಟನಾಶಕಗಳಿಲ್ಲದೆ ಬೆಳೆದದ್ದೇ ಎಂಬುದು ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು. ಆಕೆ ಹೆಚ್ಚಿನ ಬೆಲೆ ತೆರುವುದು ಮಾರುವವರ ಮಾತನ್ನು ನಂಬಿ. ಆದುದರಿಂದ ಸಾವಯವ ಸಸ್ಯಾಹಾರ ಪದಾರ್ಥಗಳ ಸಣ್ಣ ಉದ್ಯಮಕ್ಕೆ ನಂಬಿಕೆಯೇ ಮೂಲಧನ. ಈ ಮೂಲಧನವನ್ನು ಗಳಿಸಿ ಉಳಿಸಿಕೊಳ್ಳುವ ಬಗೆಗೆ ಮುಂಬಯಿಯ ಒಂದು ಸಂಸ್ಥೆ ಉತ್ತಮ ನಿದರ್ಶನವಾಗಿದೆ. ಅದು ಸಾವಯವ ಪದಾರ್ಥಗಳ ಸಂಸ್ಥೆಯಲ್ಲ. ಆದರೆ ಅದರ ನೀತಿ ಎಲ್ಲ ಆಹಾರ ಉದ್ಯಮಗಳಿಗೂ ಸಲ್ಲುವಂಥದು.

1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ವಸತಿ ಕಟ್ಟಡವೊಂದರ ತಾರಸಿಯ ಮೇಲೆ ಏಳು ಮಂದಿ ಗೃಹಿಣಿಯರು ಹಪ್ಪಳ ಲಟ್ಟಿಸಲು ಕುಳಿತರು. ಸಾಲವಾಗಿ ಪಡೆದ 80 ರೂಪಾಯಿಗಳೇ ಅವರ ಬಂಡವಾಳ. ಅಂದು ಸಿದ್ಧವಾದದ್ದು ನಾಲ್ಕು ಪೊಟ್ಟಣಗಳು ಮಾತ್ರ. ಅದೇ ಮುಂದೆ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಎಂದು ದೇಶದಾದ್ಯಂತ ಹೆಸರಾಯಿತು.

ಮೊದಲ ವರ್ಷದ ಮಳೆಗಾಲದಲ್ಲಿ ಹಪ್ಪಳ ಒಣಗಲಿಲ್ಲ. ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಒಲೆಯಿಟ್ಟು ಒಣಗಿಸುವ ಉಪಾಯವನ್ನು ಕಂಡುಕೊಳ್ಳಲಾಯಿತು. ಅಗ್ಗದ ಬೆಲೆಗೆ ಎರಡನೆಯ ದರ್ಜೆಯ ಹಪ್ಪಳವನ್ನೂ ತಯಾರಿಸುವ ಯೋಚನೆ ಬಂದಾಗ, ಮಾರ್ಗದರ್ಶಕರಾಗಿದ್ದ ಛಗನ್‌ಲಾಲ್ ಪಾರೇಖ್ ಅವರು ಗುಣಮಟ್ಟ ಒಂದೇ ಇರಬೇಕೆಂದೂ ಲೆಕ್ಕಪತ್ರ ಚೊಕ್ಕಟವಾಗಿರಬೇಕೆಂದೂ ತಿಳಿಹೇಳಿದರು. ನಷ್ಟವಾದರೂ ದಾನ ಸ್ವೀಕರಿಸಬಾರದೆಂಬುದು ಸದಸ್ಯೆಯರ ನಿಲುವಾಗಿತ್ತು. ಅಲ್ಲಿ ಹಪ್ಪಳ ಲಟ್ಟಿಸುವವರು ಕೂಲಿಯಾಳುಗಳಲ್ಲ, ಸಹ ಒಡತಿಯರು. ಲಾಭನಷ್ಟಗಳೆರಡರಲ್ಲೂ ಅವರಿಗೆ ಪಾಲುಂಟು. ಸ್ಥಾಪಕ ಸದಸ್ಯೆಯರಲ್ಲಿ ಒಬ್ಬರಾದ ಜಸವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಸಾವಯವ ಉದ್ಯಮದಲ್ಲಿ ಈ ನೀತಿಯ ಪರೀಕ್ಷೆ ಹೊಲದಿಂದಲೇ ಆರಂಭವಾಗುತ್ತದೆ. ರಾಸಾಯನಿಕಗಳನ್ನು ಬಿಟ್ಟ ಮರುದಿನವೇ ರೈತನ ಬೆಳೆ ಸಾವಯವ ಎನಿಸಿಕೊಳ್ಳುವುದಿಲ್ಲ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಂತೆ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಪರಿವರ್ತನೆಯ ಅವಧಿ ಇದೆ. ಈ ಅವಧಿಯಲ್ಲಿ ಇಳುವರಿ ಕುಗ್ಗಬಹುದು. ಸಾವಯವದ ಬೆಲೆಯಂತೂ ದೊರೆಯದು. ರೈತನ ಪಾಲಿಗೆ ಇದೇ ಅತ್ಯಂತ ಕಷ್ಟದ ಕಾಲ. ಬೆಳೆಗೆ ಮೊದಲೇ ಬೆಲೆ ಗೊತ್ತುಮಾಡಿ, ಹಣವನ್ನು ಸಕಾಲದಲ್ಲಿ ಪಾವತಿಮಾಡಿ ಅವನ ಕೈಹಿಡಿಯುವ ಸಂಸ್ಥೆಯೇ ನೀತಿವಂತ ಸಂಸ್ಥೆ.

ಎರಡನೆಯ ಪರೀಕ್ಷೆ ಉಗ್ರಾಣದಲ್ಲಿ. ಹಬ್ಬದ ದಿನಗಳಲ್ಲಿ ಬೇಡಿಕೆ ಏರುತ್ತದೆ, ದಾಸ್ತಾನು ಮುಗಿಯುತ್ತದೆ. ಪೇಟೆಯ ಸಾಮಾನ್ಯ ಬೇಳೆಯ ನಾಲ್ಕು ಮೂಟೆಗಳನ್ನು ಬೆರೆಸಿದರೆ ಗ್ರಾಹಕರಾರಿಗೂ ತಿಳಿಯದು. ಆ ದಿನ 'ಮಾಲು ಮುಗಿದಿದೆ' ಎಂದು ಹೇಳಬಲ್ಲವರು ಮಾತ್ರ ಈ ಉದ್ಯಮಕ್ಕೆ ಅರ್ಹರು.

ಕಾನೂನಿನ ನೆರವೂ ಇಲ್ಲದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳು ಸಾವಯವ ಆಹಾರಕ್ಕೆ ಸಂಬಂಧಿಸಿವೆ. ಮೇಲೆ ಹೇಳಿದ ರಾಷ್ಟ್ರೀಯ ಕಾರ್ಯಕ್ರಮದ ಪ್ರಮಾಣಪತ್ರವಲ್ಲದೆ, ರೈತರ ಗುಂಪುಗಳೇ ಪರಸ್ಪರ ಹೊಲಗಳನ್ನು ಪರಿಶೀಲಿಸುವ ಸಹಭಾಗಿತ್ವ ಖಾತರಿ ವ್ಯವಸ್ಥೆಗೂ ಮನ್ನಣೆ ಇದೆ. ಕೊಳ್ಳುವವರು ಪೊಟ್ಟಣದ ಮೇಲೆ ಜೈವಿಕ್ ಭಾರತ್ ಲಾಂಛನವನ್ನೂ, ಸಸ್ಯಾಹಾರವನ್ನು ಸೂಚಿಸುವ, ಹಸಿರು ಚೌಕದೊಳಗಿನ ಹಸಿರು ವೃತ್ತವನ್ನೂ ಗಮನಿಸಬೇಕು.

ಆದರೆ ಲಾಂಛನವು ಹೊಲವನ್ನು ದಿನವೂ ಕಾಯಲಾರದು, ಉಗ್ರಾಣದ ಬಾಗಿಲಲ್ಲಿ ಕಾವಲು ನಿಲ್ಲಲಾರದು. ಆ ಕಾವಲು ಉದ್ಯಮ ನಡೆಸುವವರ ಮನಸ್ಸಾಕ್ಷಿಗೆ ಸೇರಿದ್ದು. 80 ರೂಪಾಯಿಯ ಸಾಲ ತೀರಿಸುವುದು ಕಷ್ಟವಲ್ಲ. ಒಮ್ಮೆ ಕಳೆದುಕೊಂಡ ನಂಬಿಕೆಯನ್ನು ಯಾವ ಬ್ಯಾಂಕೂ ಸಾಲವಾಗಿ ಕೊಡದು. ಸಣ್ಣ ಉದ್ಯಮವನ್ನು ಆರಂಭಿಸಲಿರುವ ಸೋದರ ಸೋದರಿಯರು ಈ ಮಾತನ್ನು ತಮ್ಮ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದುಕೊಳ್ಳಲಿ.