ಅರಗಿನ ಜಾಗಕ್ಕೆ ಬೇಕಲೈಟು



ಹಳೆಯ ಗೋಡೆಗಳ ಮೇಲಿನ ಕರಿಯ ಸ್ವಿಚ್ಚನ್ನು ನಾವೆಲ್ಲ ಒತ್ತಿದವರೇ. ಅದು ಬೇಕಲೈಟು. ಅದಕ್ಕೂ ಮುಂಚೆ ವಿದ್ಯುತ್ ಯಂತ್ರಗಳ ತಂತಿಸುರುಳಿಗೆ ಅರಗು ಬಳಿಯುತ್ತಿದ್ದರು. ಛೋಟಾ ನಾಗಪುರದ ಬಡಜನ ಮುತ್ತುಗದ ಕೊಂಬೆಗಳಿಂದ ಕೆರೆದ ಅರಗು ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿತ್ತು.

ಅರಗಿಗೆ ಬದಲಿ ಹುಡುಕುತ್ತಿದ್ದ ಲಿಯೋ ಬೇಕಲಂಡ್ 1907ರಲ್ಲಿ ಫೀನಾಲನ್ನೂ ಫಾರ್ಮಾಲ್ಡಿಹೈಡನ್ನೂ ಕಾಯಿಸಿ, ಒತ್ತಿ ಹೊಸ ವಸ್ತು ಮಾಡಿದರು. ಅರಗು ಬಿಸಿಗೆ ಕರಗುತ್ತದೆ. ಇದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಸ್ವಿಚ್ಚು, ಟೆಲಿಫೋನು, ರೇಡಿಯೋ ಪೆಟ್ಟಿಗೆ ಎಲ್ಲಕ್ಕೂ ಬಂತು. ಗ್ರಾಮಫೋನ್ ತಟ್ಟೆಗೆ ಮಾತ್ರ ಅರಗೇ ಉಳಿಯಿತು. 1948ರಲ್ಲಿ ಅಮೆರಿಕದಲ್ಲಿ ವಿನೈಲಿನ ಎಲ್‌ಪಿ ತಟ್ಟೆ ಬಂದಮೇಲೆ ಆ ಗಿರಾಕಿಯೂ ಕ್ರಮೇಣ ಕೈಬಿಟ್ಟ.

ಹೊಸ ವಸ್ತು ನಮ್ಮ ಕೈಗೆ ವಿದ್ಯುತ್ತಿನ ಹೊಡೆತ ತಪ್ಪಿಸಿತು. ಅದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ವಸ್ತುವಿಗೆ ಬದಲಿ ಹುಡುಕಿದವರು, ಅರಗು ಕೆರೆದ ಕೈಗಳಿಗೂ ಬದಲಿ ಕೆಲಸ ಹುಡುಕಬೇಡವೇ?