ಎರಡನೇ ಸಲ ಕ್ಯಾಟ್ ಬರೆಯೋ ಮುಂಚೆ

ಹೋದ ವಾರ ದೇವದುರ್ಗದಿಂದ ಒಬ್ಬ ತಮ್ಮ ಮೆಸೇಜ್ ಹಾಕಿದ್ದ: 'ಅಣ್ಣಾ, ಎಂಬಿಎಗೆ ಮತ್ತೊಂದು ಸಲ ಕ್ಯಾಟ್ ಬರೀಲೇನು?' ನಾನೂ ಎರಡು ಸಲ ಬರೆದವನೇ. ಅದಕ್ಕೇ ಇವತ್ತು ಈ ಮಾತು.

ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೇ ಭಾನುವಾರ. ನಮ್ಮ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಕೊಯ್ಲೂ ಆಗಲೇ. ಎರಡನೇ ವರ್ಷ ಅಪ್ಪ ಕೇಳಿದ್ರು: 'ಹೋದ ವರ್ಷದ ಮಾರ್ಕ್ಸ್ ನಡಿಯಂಗಿಲ್ಲೇನಪ?' ನಡೆಯೋದಿಲ್ಲ. ವಿದೇಶದ ಕಾಲೇಜುಗಳು ಕೇಳೋ ಜಿಮ್ಯಾಟ್ ಅಂಕ 5 ವರ್ಷ ಬಾಳುತ್ತೆ, 16 ದಿನ ಬಿಟ್ಟು ಮತ್ತೆ ಬರೆಯಬಹುದು. ಕ್ಯಾಟ್ ವರ್ಷಕ್ಕೊಂದೇ ಸಲ, ಅಂಕವೂ ಆ ಸಾಲಿಗಷ್ಟೇ.

ಮೊದಲ ಸಲ ನಾನು ಗಾಬರಿಬಿದ್ದು ಕೊನೇ ಐದು ನಿಮಿಷ ಕಣ್ಣುಮುಚ್ಚಿ ಒತ್ತಿದೆ. ಸರಿ ಉತ್ತರಕ್ಕೆ 3 ಅಂಕ, ಆಯ್ಕೆ ಪ್ರಶ್ನೆ ತಪ್ಪಿದ್ರೆ 1 ಕಡಿತ. ಮೂರು ತಪ್ಪು ಮಾಡಿದ್ರೆ ಒಂದು ಸರಿ ಉತ್ತರದ ಫಲ ಹೋಯ್ತು. ಎರಡನೇ ಸಲಕ್ಕೆ ಹೊಸ ಪುಸ್ತಕ ಒಂದೂ ಕೊಳ್ಳಲಿಲ್ಲ. ಅಣಕು ಪರೀಕ್ಷೆ ಬರೆದು, ಯಾವ ಪ್ರಶ್ನೆ ಬಿಡಬೇಕಿತ್ತು ಅನ್ನೋದನ್ನೇ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. 71 ಇದ್ದ ಪರ್ಸೆಂಟೈಲ್ 88ಕ್ಕೆ ಬಂತು. ಐಐಎಂ ಕರೆ ಬರಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಸೀಟು ಸಿಕ್ಕಿದ್ದು ಪಿಜಿಸಿಇಟಿಯಿಂದ, 371(ಜೆ) ಮೀಸಲಾತಿಯಲ್ಲಿ. ಅಲ್ಲಿ ತಪ್ಪಿಗೆ ಅಂಕ ಕಡಿತ ಇಲ್ಲ. ಗೊತ್ತಿಲ್ಲದ್ದಕ್ಕೂ ಗುರುತು ಹಾಕಿ ಬಂದೆ.

ಹಂಗಾಗಿ ತಮ್ಮಾ, ಬರಿ. ಆದ್ರ ಮೊದಲು ಹೋದ ಸಲದ ತಪ್ಪು ಎಣಿಸು. 371(ಜೆ) ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿಟ್ಕೋ. ಕೊಯ್ಲಿನ ನಡುವೆ ಕಚೇರಿ ಅಲೆಯಾಕ ಅಪ್ಪ ಬಿಡಂಗಿಲ್ಲ.