ಹೊಳೆಯ ಗಡಿ, ಬೆಟ್ಟದ ಗಡಿ

ಕಳೆದ ಬೇಸಗೆಯಲ್ಲಿ ನಾನು ಗಾಲಿಗಳ ಮೇಲಿನ ಮನೆಯೊಂದರಲ್ಲಿ ಕುಳಿತು ಆಲ್ಪ್ಸ್ ಪರ್ವತವನ್ನು ದಾಟಿದೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿರುವ ಮಗ ಅದನ್ನು ಹತ್ತು ದಿನಗಳ ಮಟ್ಟಿಗೆ ಬಾಡಿಗೆಗೆ ತಂದಿದ್ದ. ಮೋಟಾರ್‌ಹೋಮ್ ಎಂದು ಅದರ ಹೆಸರು. ಚಾಲಕನ ತಲೆಯ ಮೇಲೊಂದು ಹಾಸಿಗೆ, ಹಿಂಭಾಗದಲ್ಲಿ ಇನ್ನೊಂದು, ನಡುವೆ ಗ್ಯಾಸ್ ಒಲೆ, ನೀರಿನ ತೊಟ್ಟಿ, ಒಬ್ಬರು ನಿಂತರೆ ತುಂಬಿಹೋಗುವ ಬಚ್ಚಲು. ನನ್ನ ಹೆಂಡತಿ ಒಂದು ಸುತ್ತು ನೋಡಿ, "ನಾಟಕ ಕಂಪನಿಯವರ ಲಾರಿ ಇದ್ದಂಗೆ ಐತಲ್ಲ" ಎಂದಳು. ದಾವಣಗೆರೆಯವರಿಗೆ ಸಹಜವಾಗಿ ಹೊಳೆಯುವ ಹೋಲಿಕೆ. ಊರಿನಿಂದ ಒಯ್ದಿದ್ದ ಮಂಡಕ್ಕಿ, ಚಟ್ನಿಪುಡಿ, ಕಡಕ್ ರೊಟ್ಟಿಯ ಡಬ್ಬಿ ಒಲೆಯ ಮೇಲಿನ ಗೂಡನ್ನು ಸೇರಿದವು.

ಹಿಮಶಿಖರಗಳ ವರ್ಣನೆಯನ್ನು ಬಲ್ಲವರು ಮಾಡಿದ್ದಾರೆ. ನಾನು ಹೇಳಹೊರಟದ್ದು ಗಡಿಯ ಮಾತು. ಗಡಿಯೆಂದರೆ ಏನೆಂಬುದು ನನಗೆ ಮೊದಲು ತಿಳಿದದ್ದು ಹರಿಹರದಲ್ಲಿ, ಐದನೆಯ ವಯಸ್ಸಿನಲ್ಲಿ.

ಆಗ ಹರಿಹರ ಮೈಸೂರು ರಾಜ್ಯದ ಕೊನೆಯ ಊರು. ಹೊಳೆಯಾಚೆಯ ಕುಮಾರಪಟ್ಟಣ, ಅದರಾಚೆಯ ರಾಣೆಬೆನ್ನೂರು ಧಾರವಾಡ ಜಿಲ್ಲೆಯವು, ಎಂದರೆ ಮುಂಬಯಿ ರಾಜ್ಯಕ್ಕೆ ಸೇರಿದವು. ನಡುವೆ ತುಂಗಭದ್ರೆ, ಅದರ ಮೇಲೆ 1868ರಲ್ಲಿ ಮುಗಿದ, 14 ಕಮಾನುಗಳ ಸೇತುವೆ. ನನ್ನ ತಾಯಿಯ ತವರು ರಾಣೆಬೆನ್ನೂರು. ಮದುವೆಯಾಗಿ ಬಂದ ದೂರ ಹದಿನೈದು ಮೈಲಿಯಷ್ಟೇ. ಆದರೂ ಸರ್ಕಾರ ಬೇರೆ, ಪಠ್ಯಪುಸ್ತಕ ಬೇರೆ. ಅವಳ ಅಣ್ಣಂದಿರು ಮುಲ್ಕಿ ಪರೀಕ್ಷೆ ಮಾಡಿದವರು. ನಮ್ಮ ಕಡೆ ಎಲ್.ಎಸ್. ಪರೀಕ್ಷೆ. ಇವರ ಓದು ಅವರಿಗೆ ಲೆಕ್ಕಕ್ಕಿಲ್ಲ, ಅವರದು ಇವರಿಗಿಲ್ಲ.

ಅದು ಧಾನ್ಯ ನಿಯಂತ್ರಣದ ಕಾಲ. ತಂಗಿ ಹುಟ್ಟಿದಾಗ, ಮಗಳ ಬಾಣಂತನಕ್ಕೆಂದು ಅಜ್ಜಿ ಒಂದು ಚೀಲ ಜೋಳ ಹೊರಿಸಿಕೊಂಡು ಬಂದಳು. ಸೇತುವೆಯ ಬಳಿ ಕಾವಲಿನವನು ತಡೆದ. ಪರವಾನಗಿಯಿಲ್ಲದೆ ಧಾನ್ಯ ದಾಟುವಂತಿರಲಿಲ್ಲ. ಅವಳು ಬೇಡಿದಳು, ಬೈದಳು, ಕೊನೆಗೆ ಚೀಲದೊಡನೆ ಹಿಂತಿರುಗಿದಳು. ಅಪ್ಪನ ಕೈ ಹಿಡಿದು ಈಚೆ ದಡದಲ್ಲಿ ಕಾಯುತ್ತಿದ್ದ ನನಗೆ, ಅಜ್ಜಿ ಬೆನ್ನು ತಿರುಗಿಸಿ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕನೆಯ ದಿನ ಮತ್ತೆ ಬಂದಳು. ಈ ಸಲ ಸೀರೆಯ ತುಂಡಿನಲ್ಲಿ ಕಟ್ಟಿದ ರೊಟ್ಟಿಯ ಒಟ್ಟಿಲು. "ಇದು ಜ್ವಾಳ ಅಲ್ಲೋ ಯಪ್ಪಾ, ರೊಟ್ಟಿ. ರೊಟ್ಟಿಗೂ ಕಾಯ್ದೆ ಐತೇನು?" ಎಂದು ಕೇಳಿದಳಂತೆ. ಕಾವಲಿನವನು ನಕ್ಕು ಬಿಟ್ಟುಕೊಟ್ಟ.

ಹೀಗೆ ಬೆಳೆದವನಿಗೆ ಗಡಿ ಸಮೀಪಿಸಿದಾಗ ಕೈ ತಾನಾಗಿ ಕಾಗದಪತ್ರದ ಕಡೆಗೆ ಹೋಗುತ್ತದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರ ದಾಟಿ, 190 ಮೀಟರು ಎತ್ತರದ ಯೂರೋಪಾ ಸೇತುವೆಯ ಮೇಲೆ ನಮ್ಮ ಮನೆ ಏದುಸಿರು ಬಿಡುತ್ತ ಏರತೊಡಗಿದಾಗಲೇ ನಾನು ಪಾಸ್‌ಪೋರ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಏರಿನ ನೆತ್ತಿ ಬ್ರೆನ್ನರ್ ಕಣಿವೆ. ಎತ್ತರ 1370 ಮೀಟರು. ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗು. ಅಲ್ಲಿಂದ ಉತ್ತರಕ್ಕೆ ಬಿದ್ದ ಮಳೆ ಡಾನ್ಯೂಬ್ ನದಿಯ ಮೂಲಕ ಕಪ್ಪು ಸಮುದ್ರ ಸೇರಿದರೆ, ದಕ್ಷಿಣಕ್ಕೆ ಬಿದ್ದದ್ದು ಏಡ್ರಿಯಾಟಿಕ್ ಸಮುದ್ರಕ್ಕೆ. ನಮ್ಮ ಆಗುಂಬೆಯ ನೆತ್ತಿಯೂ ಹೀಗೆಯೇ ನೀರನ್ನು ಎರಡು ಕಡಲಿಗೆ ಹಂಚುವ ತಾಣ. 1956ರವರೆಗೆ ಅದೂ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವಣ ಗಡಿಯಾಗಿತ್ತು.

ಬ್ರೆನ್ನರಿನಲ್ಲಿ ಯಾರೂ ನಮ್ಮನ್ನು ತಡೆಯಲಿಲ್ಲ. "ಇಟಲಿ ಬಂತಪ್ಪಾಜಿ" ಎಂದು ಮಗ ಹೇಳಿದಾಗ ನಾವು ಇಳಿಜಾರಿನಲ್ಲಿದ್ದೆವು. 1998ರ ಏಪ್ರಿಲ್ 1ರಿಂದ ಅಲ್ಲಿಯ ನಿತ್ಯದ ತಪಾಸಣೆ ನಿಂತಿದೆ. ನಿಜ ಹೇಳಬೇಕೆಂದರೆ ನನಗೆ ತುಸು ನಿರಾಶೆಯೇ ಆಯಿತು.

ಹೊಸ ದೇಶವಾದರೂ ಮನೆಗಳು ಅವೇ, ಮಾತೂ ಅದೇ ಜರ್ಮನ್. ಹಲಗೆಗಳ ಮೇಲೆ ಮಾತ್ರ ಒಂದೊಂದು ಊರಿಗೂ ಎರಡೆರಡು ಹೆಸರು: ಸ್ಟರ್ಸಿಂಗ್, ವಿಪಿತೇನೊ. ಮೊದಲ ಮಹಾಯುದ್ಧದ ನಂತರ, 1919ರ ಸೇಂಟ್ ಜರ್ಮೇನ್ ಒಪ್ಪಂದದಿಂದ ಟಿರೋಲ್ ಎಂಬ ಒಂದು ನಾಡು ಈ ನೆತ್ತಿಯಲ್ಲಿ ಸೀಳಿಹೋಯಿತು. ದಕ್ಷಿಣದ ಭಾಗ ಇಟಲಿಗೆ ಸೇರಿತು. ಮುಸೊಲಿನಿಯ ಆಡಳಿತದಲ್ಲಿ, 1923ರಿಂದ ಮೊದಲ್ಗೊಂಡು, ಅಲ್ಲಿಯ ಶಾಲೆಗಳಿಂದ ಜರ್ಮನ್ ಭಾಷೆಯನ್ನು ಹಂತಹಂತವಾಗಿ ಹೊರಹಾಕಿದರು. ಆಗ ಪಾದ್ರಿ ಮಿಖಾಯೆಲ್ ಗಾಂಪರ್, ವಕೀಲ ಯೋಸೆಫ್ ನೋಲ್ದಿನ್ ಮೊದಲಾದವರು ಗುಪ್ತಶಾಲೆಗಳನ್ನು ನಡೆಸಿದರು. ಹುಲ್ಲಟ್ಟಗಳಲ್ಲಿ, ಅಡುಗೆಮನೆಗಳಲ್ಲಿ, ನಾಲ್ಕಾರು ಮಕ್ಕಳನ್ನು ಕೂಡಿಸಿ ಹರೆಯದ ಹುಡುಗಿಯರು ತಾಯ್ನುಡಿಯ ಅಕ್ಷರ ತಿದ್ದಿಸಿದರು. ನೋಲ್ದಿನ್ ಲಿಪಾರಿ ದ್ವೀಪಕ್ಕೆ ಗಡೀಪಾರಾದರು. ಸ್ಟರ್ಸಿಂಗಿನ ಬಳಿ ನಾವು ತಂಗಿದ್ದ ಬಯಲಿನ ಒಡತಿ, ನನಗಿಂತ ಹಿರಿಯಳಾದ ಮುದುಕಿ, ತನ್ನ ತಾಯಿ ಅಂಥ ಅಟ್ಟದಲ್ಲಿಯೇ ಕಲಿತದ್ದೆಂದು ಹೇಳಿದಳು. ಮಗ ಅವಳ ಮಾತನ್ನು ತಿಳಿಸುತ್ತಿದ್ದಂತೆ ನನಗೆ ಡೆಪ್ಯುಟಿ ಚೆನ್ನಬಸಪ್ಪನವರ ನೆನಪಾಯಿತು. ಮರಾಠಿ ಶಾಲೆಗಳೇ ತುಂಬಿದ್ದ ಧಾರವಾಡದ ಕಡೆ ಕನ್ನಡ ಶಾಲೆಗಳನ್ನು ತೆರೆಸಿದ ಆ ಮಹನೀಯರು ಇಲ್ಲದಿದ್ದರೆ, ನನ್ನ ಸೋದರಮಾವಂದಿರು ನನ್ನ ತಾಯಿಗೆ ಯಾವ ಭಾಷೆಯಲ್ಲಿ ಕಾಗದ ಬರೆಯುತ್ತಿದ್ದರೋ!

ದಕ್ಷಿಣ ಟಿರೋಲಿಗೆ 1972ರ ಶಾಸನದಿಂದ ವಿಶಾಲವಾದ ಸ್ವಾಯತ್ತತೆ ಬಂದಿದೆ. ಜರ್ಮನ್ ಶಾಲೆಗಳು ನಡೆಯುತ್ತಿವೆ. ನಾಡು ಮಾತ್ರ ಒಂದಾಗಲಿಲ್ಲ. "ನಿಮ್ಮದು?" ಎಂದು ಮುದುಕಿ ಕೇಳಿದಳು. 1956ರ ನವೆಂಬರ್ 1ರಂದು ಒಂದಾಯಿತೆಂದೆ. ದೀಪಾವಳಿಯ ದಿನಗಳವು. ಅಜ್ಜಿ ಹಬ್ಬಕ್ಕೆ ಬಂದಿದ್ದಳು, ಜೋಳದ ಚೀಲದೊಡನೆ. ಹೊಳೆಯಾಚೆಗೂ ಈಚೆಗೂ ಇನ್ನು ಒಂದೇ ಸರ್ಕಾರವೆಂದು ಅಪ್ಪ ವಿವರಿಸಿದರೆ, ಅವಳು, "ಹಂಗಾರ ಅಂದು ಯಾಕ ತಡದ್ರು?" ಎಂದು ಕೇಳಿದಳು. ಅಪ್ಪನಲ್ಲಿ ಉತ್ತರವಿರಲಿಲ್ಲ.

ಹಿಂತಿರುಗುವಾಗ ಜರ್ಮನಿಯ ಗಡಿಯಲ್ಲಿ ಪೋಲೀಸರು ನಮ್ಮ ಮನೆಯನ್ನು ನಿಲ್ಲಿಸಿದರು. 2015ರಿಂದ ಆ ಗಡಿಯಲ್ಲಿ ಮತ್ತೆ ತಪಾಸಣೆ ಬಂದಿದೆ. ತರುಣನೊಬ್ಬ ಪಾಸ್‌ಪೋರ್ಟುಗಳನ್ನು ತಿರುವಿ, ಒಳಗೆ ಇಣುಕಿ, ಒಲೆಯ ಮೇಲಿನ ಡಬ್ಬಿಯಲ್ಲೇನಿದೆಯೆಂದು ಕೇಳಿದ. ಮಗ ಬಾಯಿ ತೆರೆಯುವ ಮೊದಲೇ ನಾನು, "ರೊಟ್ಟಿ" ಎಂದುಬಿಟ್ಟೆ. ಹೆಂಡತಿ ಮುಚ್ಚಳ ತೆಗೆದು ತೋರಿಸಿದಳು.